ಮಂಡಿನೋವಿಗೆ ಯಾವ ಕಾಲಂ?

ಭಾವೀ ಡಾಕ್ಟರುಗಳೇ,

ಕೊಡಗಿನ ಮಾದಾಪುರದಿಂದ ಬರೆಯುತ್ತಿದ್ದೇವೆ. ಸೀಟು ಸಿಕ್ಕಿದಾಗ ಪೇಪರಿನಲ್ಲಿ ನಿಮ್ಮ ಫೋಟೋ ಬಂದಿತ್ತು. ಬಾಯಲ್ಲಿ ಅಮ್ಮ ತುರುಕಿದ ಲಾಡು, ಕೆಳಗೆ ‘ಹಳ್ಳಿ ಜನರ ಸೇವೆಯೇ ನನ್ನ ಗುರಿ’. ಕತ್ತರಿಸಿ ಇಟ್ಟುಕೊಂಡಿದ್ದೇವೆ. ಹಳ್ಳಿ ಅಂದರೆ ನಾವೇ ತಾನೇ?

ಆ ಗುರಿ ಜಾರಿಹೋಗದಿರಲೆಂದು ಸರ್ಕಾರಗಳು ಪಡುವ ಪಾಡು ಅಷ್ಟಿಷ್ಟಲ್ಲ. 2012ರ ಕಾಯ್ದೆಯಲ್ಲಿ ನಮ್ಮ ರಾಜ್ಯ ಹಳ್ಳಿ ಸೇವೆಯನ್ನು ಕಡ್ಡಾಯ ಮಾಡಿತು. ನಿಮ್ಮ ಆಸೆಯೇ ನಿಮಗೆ ಒಂದು ವರ್ಷದ ಸಜೆಯಾಯಿತು. 2019ರಿಂದ ಎಂಬಿಬಿಎಸ್‌ನಲ್ಲಿ ನಡತೆ, ನೀತಿ, ಮಾತುಕತೆಗೂ ಪಾಠ ಬಂತು. 2022ರಲ್ಲಿ ಚರಕನ ಹೆಸರಿನ ಪ್ರತಿಜ್ಞೆ, ಜೊತೆಗೆ ವಿದ್ಯಾರ್ಥಿಗಳಿಂದ ಹಳ್ಳಿ ಕುಟುಂಬಗಳ ದತ್ತು. ಎಂಬತ್ತರ ಅಜ್ಜಿಯನ್ನು ಹತ್ತೊಂಬತ್ತರ ಹುಡುಗಿ ದತ್ತು ತೆಗೆದುಕೊಳ್ಳಬೇಕು. ತೋಟ ಯಾರಿಗೆ ಹೋಗುತ್ತದೆಂದು ಅಜ್ಜಿಯ ಮಕ್ಕಳು ಇನ್ನೂ ಕೇಳಿಲ್ಲ.

ಅಂಥ ಒಬ್ಬಳು ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಗೆ ಬಂದಿದ್ದಳು. ಎಷ್ಟು ಜನ, ನೀರು ಎಲ್ಲಿಯದು, ಒಲೆ ಯಾವುದು ಎಂದು ಫಾರಂ ತುಂಬುತ್ತಿದ್ದಳು. ‘ಮಂಡಿನೋವಿಗೆ ಯಾವ ಕಾಲಂ ಮಗಾ?’ ಎಂದರು ಅಜ್ಜಿ. ಅಷ್ಟರಲ್ಲಿ ಹುಡುಗಿಯ ಸಾಕ್ಸು ಕೆಂಪಾಯಿತು. ಇಂಬಳ! ಅಜ್ಜಿ ಕುಂಟುತ್ತ ಹೋಗಿ ಉಪ್ಪು ತಂದು, ಇಂಬಳವನ್ನು ಉದುರಿಸಿ, ಗಾಯಕ್ಕೆ ಸುಣ್ಣ ಹಚ್ಚಿದರು. ಫೀಸು ಕೇಳಲಿಲ್ಲ. ಹುಡುಗಿ ಫಾರಂ ಮಡಚಿಟ್ಟು ಅರ್ಧ ಗಂಟೆ ಅಜ್ಜಿಯ ಮಂಡಿ ನೀವುತ್ತಾ ಕೂತಳು. ಅದಕ್ಕೆ ಮಾರ್ಕ್ಸ್ ಇಲ್ಲವಂತೆ. ಮಾರ್ಕ್ಸ್ ಇರುವುದು ಪಿಜಿ ನೀಟ್‌ನ 200 ಪ್ರಶ್ನೆಗಳಿಗೆ.

2016ರಲ್ಲಿ ಮಡಿಕೇರಿಗೇ ಮೆಡಿಕಲ್ ಕಾಲೇಜು ಬಂದಾಗ, ಮಾರ್ಚ್ ಮಳೆಗೆ ಕಾಫಿ ಹೂ ಅರಳಿದಂತೆ ಊರೂರಲ್ಲಿ ಡಾಕ್ಟರುಗಳು ಎಂದು ಹಿಗ್ಗಿದೆವು. ಕಾಫಿ ಹೂವಿನ ಆಯುಷ್ಯ ಮೂರ್ನಾಲ್ಕೇ ದಿನ ಎಂಬುದು ಬೆಳೆಗಾರರಾದ ನಮಗೇ ಮರೆತುಹೋಗಿತ್ತು.

ಹಾಗಂತ ನಾವೇನು ಸಾಚಾಗಳೇ? ನೀವು ಇಲ್ಲೇ ಬಂದು ಕೂತರೆ ‘ಪಿಜಿ ಸಿಗಲಿಲ್ಲವೇನೋ ಪಾಪ’ ಎನ್ನುತ್ತೇವೆ. ಕೆಮ್ಮಿಗೂ ಮೈಸೂರಿಗೆ ಕಾರು ತೆಗೆಯುತ್ತೇವೆ. ಡಾಕ್ಟರ್ ಅಳಿಯನೇ ಬೇಕು, ಹಳ್ಳಿ ಆಸ್ಪತ್ರೆಯವನು ಮಾತ್ರ ಬೇಡ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಡಿಕೇರಿ ರಸ್ತೆ ಕಡಿದುಹೋದಾಗ, ಕೂಗಳತೆಯಲ್ಲೊಬ್ಬ ಡಾಕ್ಟರಿರಬೇಕು ಅನ್ನಿಸಿದ್ದು ನಿಜ. ರಸ್ತೆ ಸರಿಹೋಯಿತು, ಅನ್ನಿಸಿದ್ದೂ ಹೋಯಿತು.

ಅಜ್ಜಿಯ ಮಂಡಿ ಇನ್ನೂ ನೋಯುತ್ತಿದೆ. ಆ ಹುಡುಗಿ ಮತ್ತೆ ಯಾವಾಗ ಬರುತ್ತಾಳೆಂದು ಕೇಳುತ್ತಿರುತ್ತಾರೆ. ಬನ್ನಿ, ಬರುವಾಗ ಸಾಕ್ಸಿಗೆ ಹೊಗೆಸೊಪ್ಪಿನ ನೀರು ಸವರಿಕೊಂಡು ಬನ್ನಿ.

ಇತಿ,
ನಿಮ್ಮ ದತ್ತು ಕುಟುಂಬದ ಪಕ್ಕದ ಮನೆಯವ
ಮಾದಾಪುರ