ತಿರಸ್ಕಾರಕ್ಕೂ ಒಂದು ಕಾಗದ ಬೇಕು ಸ್ವಾಮಿ: ನಮೂನೆ 8ರ ಜತೆ ಕಾಲ್ಪನಿಕ ಸಂದರ್ಶನ

ಶಿವಾಜಿನಗರದ ಹೋಟೆಲೊಂದರಲ್ಲಿ ಬೈ-ಟು ಕಾಫಿ ಹೇಳಿ ಕಾಯುತ್ತಿದ್ದ ಪತ್ರಿಕೆಯ ಪ್ರತಿನಿಧಿಯ ಎದುರು ನಮೂನೆ 8 ಬಂದು ಕೂತದ್ದು ಅರ್ಧ ಗಂಟೆ ತಡವಾಗಿ. ತಡವಾದ ಕಾರಣವನ್ನು ಲಿಖಿತವಾಗಿಯೇ ಕೊಟ್ಟಿತು. ಹುಟ್ಟಿದ್ದು 2017ರ ಅಂಗವಿಕಲರ ಹಕ್ಕುಗಳ ನಿಯಮಗಳ ಬಾಲದಲ್ಲಿ. ವಂಶ ಮಾತ್ರ ಹಳೆಯದು, 1995ರ ಕಾಯ್ದೆಯ ಕಾಲದ್ದು. ‘ನಿಮಗೆ ಅಂಗವೈಕಲ್ಯ ಪ್ರಮಾಣಪತ್ರ ಕೊಡಲಾಗುವುದಿಲ್ಲ’ ಎಂದು ಅರ್ಜಿದಾರರಿಗೆ ವಿಷಾದದಿಂದ ತಿಳಿಸುವುದೇ ಅದರ ಉದ್ಯೋಗ. ಒಡಹುಟ್ಟಿದ 5, 6, 7ನೇ ನಮೂನೆಗಳು ಪ್ರಮಾಣಪತ್ರಗಳಾಗಿ ಲ್ಯಾಮಿನೇಷನ್ ಹಾಕಿಸಿಕೊಂಡು ಮೆರೆಯುತ್ತವೆ. ಇದನ್ನು ಲ್ಯಾಮಿನೇಷನ್ ಮಾಡಿಸಿದವರನ್ನು ಯಾರೂ ಕಂಡಿಲ್ಲ.

‘ನಿಮ್ಮನ್ನು ಕಂಡರೆ ಜನಕ್ಕೆ ಆಗೋದಿಲ್ಲವಂತೆ?’ ಪ್ರತಿನಿಧಿ ಪೀಠಿಕೆಯಿಲ್ಲದೆ ಶುರುಮಾಡಿದರು.

‘ಕಂಡರೆ ತಾನೆ!’ ನಮೂನೆ ಮಡಿಕೆ ಬಿಚ್ಚಿಕೊಂಡು ಕೂತಿತು. ‘ನಾನು ಕೈಗೆ ಸಿಕ್ಕವರು ಪುಣ್ಯವಂತರು. ಎಷ್ಟೋ ಜನಕ್ಕೆ ಕೌಂಟರಿನಲ್ಲೇ “ನಲವತ್ತು ಬರಲ್ಲ, ಹೋಗಮ್ಮ” ಅಂತ ಹೇಳಿ ಕಳಿಸಿಬಿಡ್ತಾರೆ. ಯಾವ ಕೌಂಟರ್ ಅಂತ ಕೇಳಬೇಡಿ, ನನಗೂ ಸರ್ವಿಸ್ ಇದೆ. ಬಾಯಿಮಾತಿನ ಮೇಲೆ ಅಪೀಲು ಹೇಗೆ ಹೋಗ್ತೀರಿ? 2016ರ ಕಾಯ್ದೆಯ 59ನೇ ಕಲಮು ಅಪೀಲಿಗೆ ದಾರಿ ಕೊಟ್ಟಿದೆ. ಆ ಅಪೀಲಿಗೆ ಲಗತ್ತಿಸೋ ಕಾಗದ ನಾನು. ಬರೀಕೈಲಿ ಹೋದರೆ, ನಿಮ್ಮ ಅರ್ಜಿ ತಿರಸ್ಕಾರ ಆಗಿದೆ ಅನ್ನೋದಕ್ಕೆ ಆಧಾರ ಏನು ಅಂತಾರೆ.’

ತಿರಸ್ಕಾರ ಪತ್ರಕ್ಕಾಗಿಯೂ ಜನ ಹಲ್ಲು ಕಚ್ಚಿ ಕೂರಬೇಕಾದ ಈ ವ್ಯವಸ್ಥೆಯನ್ನು ಪ್ರತಿನಿಧಿ ಮೆಚ್ಚಿಕೊಂಡು ಬರೆದುಕೊಂಡರು.

ಮುಂದಿನ ಪ್ರಶ್ನೆ ಸೌಲಭ್ಯಕ್ಕೆ ಬೇಕಾದ ಆ ನಲವತ್ತು ಪರ್ಸೆಂಟ್ ಅಂಗವೈಕಲ್ಯದ ಬಗ್ಗೆ. ನಮೂನೆ ಮೊದಲು ಒಂದು ಸ್ಪಷ್ಟೀಕರಣ ಕೊಟ್ಟಿತು: 2023ರ ವಿಧಾನಸಭಾ ಚುನಾವಣೆಯಲ್ಲಿ ಸರ್ಕಾರದ ಮೇಲಿನ ಆರೋಪವಾಗಿ ಊರೂರು ತಿರುಗಿದ ಕಮಿಷನ್ ನಲವತ್ತು ಪರ್ಸೆಂಟ್ ತಮ್ಮ ಮನೆಯದಲ್ಲ. ‘ಅದು ಆರೋಪ, ನಮ್ಮದು ಗೆಜೆಟ್. 1995ರಿಂದ ಒಂದೇ ಕುರ್ಚಿಯಲ್ಲಿ ಕೂತಿದೆ. ಕಾಯ್ದೆ ಬದಲಾಯ್ತು, ಏಳು ಬಗೆಯ ಅಂಗವೈಕಲ್ಯ ಇಪ್ಪತ್ತೊಂದಾಯ್ತು, ನಲವತ್ತು ಅಲ್ಲಾಡಲಿಲ್ಲ.’

ಅಲ್ಲಾಡದ ಈ ನಲವತ್ತರ ಕಾವಲಿನಲ್ಲಿರುವ ನಿಧಿ ಎಷ್ಟು? ಕರ್ನಾಟಕದಲ್ಲಿ ನಲವತ್ತು ದಾಟಿ ಎಪ್ಪತ್ತೈದರೊಳಗೆ ಇದ್ದವರ ಮಾಸಾಶನ 2021ರ ಜುಲೈನಲ್ಲಿ 600ರಿಂದ 800 ರೂಪಾಯಿಗೆ ಏರಿತು. ಅದನ್ನು ಪಡೆಯಲು ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು, ಅಂದರೆ ತಿಂಗಳಿಗೆ 2,667ಕ್ಕಿಂತ ಹೆಚ್ಚು ಇರಬಾರದು. ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಇಬ್ಬರು ಊಟಕ್ಕೆ ಕೂತರೆ ಬರುವ ಬಿಲ್ಲು ಅಷ್ಟಿರುತ್ತದೆ.

‘ಒಂದು ಲೆಕ್ಕ ಮಾಡಿ ನೋಡೋಣ,’ ನಮೂನೆಗೆ ಉತ್ಸಾಹ ಬಂತು. ‘ಕಾಲಿಗೆ 25, ಕೈಗೆ 20 ಪರ್ಸೆಂಟ್ ಅಂತ ಮೆಡಿಕಲ್ ಬೋರ್ಡ್ ಹೇಳಿತು. ಒಟ್ಟು ಎಷ್ಟು?’

‘ನಲವತ್ತೈದು.’

‘ಅದು ಕಿರಾಣಿ ಅಂಗಡಿ ಲೆಕ್ಕ. ಕೇಂದ್ರ ಗೆಜೆಟ್ಟಿನ ಸೂತ್ರವೇ ಬೇರೆ. ದೊಡ್ಡದನ್ನು 90ರಲ್ಲಿ ಕಳೀರಿ, ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಕೂಡಿ.’

ಪ್ರತಿನಿಧಿ ಹೋಟೆಲ್ ಬಿಲ್ಲಿನ ಹಿಂದೆ ಗೀಚಿದರು. 90ರಲ್ಲಿ 25 ಕಳೆದರೆ 65. ಇಪ್ಪತ್ತರಿಂದ ಗುಣಿಸಿದರೆ 1,300. ತೊಂಬತ್ತರಿಂದ ಭಾಗಿಸಿದರೆ 14.4. ಒಟ್ಟು 39.4.

‘ವಿಷಾದಿಸುತ್ತೇನೆ,’ ಎಂದಿತು ನಮೂನೆ.

ಈ ಸೂತ್ರ ತಲೆಕೆಟ್ಟವರು ಮಾಡಿದ್ದಲ್ಲ ಎಂಬುದನ್ನೂ ಹೇಳಬೇಕು. ಅಂಗ ಅಂಗದ ಊನವನ್ನು ಸುಮ್ಮನೆ ಕೂಡುತ್ತಾ ಹೋದರೆ ಒಬ್ಬ ಮನುಷ್ಯನಿಗೆ ನೂರೈವತ್ತು ಪರ್ಸೆಂಟ್ ಬಂದುಬಿಡಬಹುದು. ಆದರೆ ಬಸ್ ಪಾಸು, ಮಾಸಾಶನ, ಉದ್ಯೋಗ ಮೀಸಲಾತಿ ಎಲ್ಲವನ್ನೂ ಒಂದೇ ಮೊಳೆಗೆ ನೇತುಹಾಕಿ, 0.6 ಕಡಿಮೆಯಾದವನಿಗೆ ಏನೂ ಇಲ್ಲ ಅನ್ನುವುದು ಗಣಿತದ ತಪ್ಪಲ್ಲ.

ಅಳತೆಯ ವಿಷಯಕ್ಕೆ ಬಂದರೆ, ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಎಂದು ಗೋನಿಯೋಮೀಟರ್ ಹೇಳುತ್ತದೆ. ಆ ಮಂಡಿ ಇಟ್ಟುಕೊಂಡು ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ರಸ್ತೆ ದಾಟಲು ಎಷ್ಟು ಹೊತ್ತು ಬೇಕೆಂದು ಅದು ಹೇಳುವುದಿಲ್ಲ. ತಮಾಷೆಯೆಂದರೆ ಕಾಯ್ದೆಯ 2ನೇ ಕಲಮಿಗೆ ಇದು ಗೊತ್ತಿದೆ. ದೇಹದ ಊನ ಎದುರಿನ ಅಡೆತಡೆಗೆ ಸಿಕ್ಕಿ ಬದುಕಿಗೆ ಅಡ್ಡಿಯಾಗುವುದೇ ಅಂಗವೈಕಲ್ಯ ಎಂಬುದು ಅಲ್ಲಿನ ವ್ಯಾಖ್ಯೆ. ವ್ಯಾಖ್ಯೆ ರಸ್ತೆಯನ್ನೂ ನೋಡಿತು, ಮಾಪಕ ಮಂಡಿಯಲ್ಲೇ ನಿಂತಿತು.

‘ಸುಪ್ರೀಂ ಕೋರ್ಟು ನಿಮಗೆ ಬುದ್ಧಿ ಹೇಳಿದೆಯಲ್ಲ?’

ನಮೂನೆ ಕಾಫಿ ಲೋಟ ಸರಿಸಿತು. ‘ನನಗಲ್ಲ, ನನ್ನನ್ನು ತುಂಬುವವರಿಗೆ.’ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರು ನಾಗರಿಕ ಸೇವಾ ಪರೀಕ್ಷೆಗೆ ತಮ್ಮ ಪರವಾಗಿ ಉತ್ತರ ಬರೆಯುವ ಬರಹಗಾರರನ್ನು ಕೇಳಿದ್ದರು. ಏಮ್ಸ್ ಲೆಕ್ಕದಲ್ಲಿ ಅವರದು ಬರೀ 6 ಪರ್ಸೆಂಟ್. ನಲವತ್ತು ಇಲ್ಲವೆಂದ ಮಾತ್ರಕ್ಕೆ ಬರಹಗಾರರನ್ನು ನಿರಾಕರಿಸುವಂತಿಲ್ಲ ಎಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ನ್ಯಾಯಾಲಯ 2021ರ ಫೆಬ್ರವರಿ 11ರಂದು ಹೇಳಿತು.

2024ರ ಓಂಕಾರ್ ಗೊಂಡ್ ಪ್ರಕರಣ ಇನ್ನೂ ಸೊಗಸು. ಮಾತಿನ ತೊಂದರೆ 44-45 ಪರ್ಸೆಂಟ್ ಇದ್ದ ಹುಡುಗ ಎಂಬಿಬಿಎಸ್ ಸೀಟಿಗೆ ಬಂದ. ನಲವತ್ತು ಇಲ್ಲದಿದ್ದರೆ ಮೀಸಲಾತಿಗೆ ಲಾಯಕ್ಕಿಲ್ಲ. ನಲವತ್ತು ಇದ್ದರೆ, ಆಗಿನ ನಿಯಮದಂತೆ, ವೈದ್ಯಕೀಯ ಓದಿಗೇ ಲಾಯಕ್ಕಿಲ್ಲ. ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲಿ ಗೋಡೆ ಕಟ್ಟಿದ್ದ ಈ ಜಾಣ್ಮೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಬೋರ್ಡುಗಳು ಯಂತ್ರದಂತೆ ಅಂಕಿ ನೋಡಿ ಷರಾ ಬರೆಯಬಾರದು, ಅಭ್ಯರ್ಥಿ ಓದಬಲ್ಲನೇ ಎಂದು ನೋಡಿ ಕಾರಣ ಬರೆಯಬೇಕು ಎಂದಿತು. ಅಪೀಲು ಕೇಳುವ ಸಂಸ್ಥೆ ಆಗುವವರೆಗೆ ಬೋರ್ಡಿನ ‘ಇಲ್ಲ’ವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೆಂದೂ ಸೇರಿಸಿತು.

‘ಕಾರಣ ಬರೆಯಲು ನನ್ನಲ್ಲಿ ಮೊದಲಿಂದಲೂ ಜಾಗ ಇದೆ,’ ನಮೂನೆ ಎದೆಯುಬ್ಬಿಸಿತು. ‘ಒಂದು, ಎರಡು, ಮೂರು ಅಂತ ಸಾಲು ಬಿಟ್ಟಿದ್ದಾರೆ. ಅದರ ಕೆಳಗೆ, ನಿಮಗೆ ಒಪ್ಪಿಗೆಯಾಗದಿದ್ದರೆ ಇಂಥವರಿಗೆ ಮನವಿ ಮಾಡಿಕೊಳ್ಳಿ ಅಂತಿದೆ.’

‘ಇಂಥವರು ಅಂದರೆ?’

‘ಅಲ್ಲಿ ಗೆರೆ ಎಳೆದು ಖಾಲಿ ಬಿಟ್ಟಿದ್ದಾರೆ.’

ಆ ಖಾಲಿ ಗೆರೆಯೊಳಗೆ ಬೆಂಗಳೂರಿನ ಪೂರ್ವ ಭಾಗವೆಲ್ಲ ಹಿಡಿಯುತ್ತದೆ. ತಪಾಸಣೆಗೆ ಬೌರಿಂಗ್ ಆಸ್ಪತ್ರೆ: ಕಮಿಷನರ್ ಲೆವಿನ್ ಬೌರಿಂಗ್ ಹೆಸರಿನಲ್ಲಿ 1868ರಲ್ಲಿ ಶುರುವಾದದ್ದು. ಬೆಂಗಳೂರು ಪೂರ್ವ ತಾಲ್ಲೂಕಿನವರ ಮಾಸಾಶನ ಕೆ.ಆರ್. ಪುರದ ತಹಶೀಲ್ದಾರರ ಕೈಲಿ. ದೂರು ಕೇಳುವ ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿ ಕಾಕ್ಸ್ ಟೌನಿನ ತಂಬುಚೆಟ್ಟಿ ರಸ್ತೆಯಲ್ಲಿ. ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ, ಸಮನ್ಸ್ ಕಳಿಸಬಹುದು. ಕೊನೆಗೆ ಮಾಡುವುದು ಶಿಫಾರಸು. ಇಲಾಖೆ ಅದನ್ನು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂದು ಮೂರು ತಿಂಗಳಲ್ಲಿ ತಿಳಿಸಬೇಕು. ಕಾಗದ ಬರೆಸಿಕೊಳ್ಳಲು ಲಿಂಗರಾಜಪುರದಲ್ಲಿ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಎಪಿಡಿಯಂಥ ಅಂಗವಿಕಲರ ಸಂಸ್ಥೆಯ ಬಾಗಿಲನ್ನೂ ತಟ್ಟಬಹುದು. ಇಷ್ಟೆಲ್ಲ ಓಡಾಡಬಲ್ಲವನಿಗೆ ನಲವತ್ತು ಹೇಗೆ ಬಂದೀತು ಎಂದು ಬೋರ್ಡ್ ಕೇಳದಿದ್ದರೆ ಸರಿ.

ಇನ್ನು ಸೇವೆ ತಡವಾದರೆ ಸಕಾಲ ಕಾಯ್ದೆ ಇದೆ. ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಇಪ್ಪತ್ತೈದನೇ ದಿನದಾಚೆಗಿನ ಕಾಯುವಿಕೆ ಉಚಿತ.

‘ಬ್ರಿಟನ್ನಿನಲ್ಲೂ ನಿಮ್ಮ ನೆಂಟರಿದ್ದಾರಲ್ಲ?’ ಎಂದು ಪ್ರತಿನಿಧಿ ಕೆದಕಿದರು. ಅಲ್ಲಿ ಅಂಗವೈಕಲ್ಯ ಭತ್ಯೆ ಸಿಗದವರು ಮೊದಲು ಇಲಾಖೆಗೇ ಮರುಪರಿಶೀಲನೆಗೆ ಬರೆಯಬೇಕು, ಆಮೇಲೆ ನ್ಯಾಯಮಂಡಳಿ. ಅಲ್ಲಿ ವಿಚಾರಣೆವರೆಗೆ ಹೋದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅರ್ಜಿದಾರರ ಪರವಾಗಿಯೇ ಮುಗಿಯುತ್ತವೆ. ನಮೂನೆ ಮುಖ ಸಪ್ಪಗೆ ಮಾಡಿತು. ‘ಅಲ್ಲಿ ಎಲ್ಲರಿಗೂ ತಿರಸ್ಕಾರ ಪತ್ರ ಮನೆಗೇ ಬರುತ್ತೆ. ಅದಕ್ಕೇ ಗೆಲ್ತಾರೆ.’

ನಮೂನೆಯ ನಿಜವಾದ ಸಂಕಟ ಬೇರೆಯೇ. 2024ರ ಅಕ್ಟೋಬರಿನ ನಿಯಮ ತಿದ್ದುಪಡಿಯ ನಂತರ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಮೂರು ಬಣ್ಣ: ಎಂಬತ್ತು ಮುಟ್ಟಿದವರಿಗೆ ನೀಲಿ, ನಲವತ್ತರಿಂದ ಎಂಬತ್ತರೊಳಗೆ ಹಳದಿ, ನಲವತ್ತರೊಳಗೆ ಬಿಳಿ. ‘ಬಿಳಿ ಕಾರ್ಡು ನನ್ನ ಹೊಟ್ಟೆ ಮೇಲೆ ಹೊಡೀತು. ಈಗ ಯಾರಿಗೂ “ಇಲ್ಲ” ಅನ್ನಬೇಕಾಗಿಲ್ಲ. ಕಾರ್ಡು ಕೊಟ್ಟು ಕಳಿಸಿದರಾಯ್ತು. ಮಾಸಾಶನಕ್ಕೆ ಹೋದಾಗ ತಾನೇ ಗೊತ್ತಾಗುತ್ತೆ. ಆ 39ರ ಮೇಲೂ ಅಪೀಲು ಹೋಗಬಹುದು ಅಂತ ಯಾರು ಹೇಳ್ತಾರೆ? ನಾನು ಕೈಲಿದ್ದಿದ್ದರೆ ಕೊನೇ ಸಾಲಲ್ಲಾದರೂ ಓದಿಕೊಳ್ತಿದ್ದರು.’

ಬಿಲ್ಲು ಬಂತು. ಬರೆದುಕೊಂಡದ್ದನ್ನು ಮುಂದಿಟ್ಟು, ಪ್ರಕಟಣೆಗೆ ಒಪ್ಪಿಗೆಯ ಒಂದು ಸಹಿ ಬೇಕೆಂದು ಪ್ರತಿನಿಧಿ ಕೇಳಿದರು.

‘ಒಪ್ಪಿಗೆ ನನ್ನ ಇಲಾಖೆಯಲ್ಲ, ಸಾರ್,’ ಎಂದಿತು ನಮೂನೆ 8. ‘5, 6, 7ರ ಹತ್ತಿರ ಹೋಗಿ. ತಿರಸ್ಕರಿಸಬೇಕು ಅಂದರೆ ಹೇಳಿ, ಈಗಲೇ ಮಾಡಿಕೊಡ್ತೀನಿ. ಕಾರಣದ ಮೂರೂ ಸಾಲು ಖಾಲಿ ಇವೆ.’