ಬೀಜಗಣಿತ: ಬಳಸುವ ಮುನ್ನ ಓದಿ

ಗಂಜಾಂ ಊರಿನ ಮಾದರಿಯ ಬೀಜಗಣಿತ ಯಂತ್ರ ಕೊಂಡದ್ದಕ್ಕೆ ವಂದನೆಗಳು. ಪೆಟ್ಟಿಗೆಯಲ್ಲಿ ಒಂದು ಹಿಡಿ ಹುಣಸೆಬೀಜ, ರಂಗೋಲಿ ಪುಡಿ, ನಾಲ್ಕನೇ ಕ್ಲಾಸಿನ ಎರಡು ಮಕ್ಕಳು ಇರಬೇಕು. ಮಕ್ಕಳು ಕಾಣದಿದ್ದರೆ ಊರಿನ ನಿಮಿಷಾಂಬ ದೇವಸ್ಥಾನದ ಹೊಳೆ ಮೆಟ್ಟಿಲ ಬಳಿ ಹುಡುಕಿ, ಮೀನಿಗೆ ಪುರಿ ಎಸೆಯುತ್ತಿರಬಹುದು. 'ಎಕ್ಸ್' ಎಂಬ ಬಿಡಿಭಾಗ ಬೇರೆ ಪೊಟ್ಟಣದಲ್ಲಿದೆ. ಈಗಲೇ ಬಿಚ್ಚಿದವರಿಗೆ ವಾರಂಟಿ ಇಲ್ಲ.

ಜೋಡಣೆ. ಅಂಗಳದಲ್ಲಿ ಒಂದು ಚುಕ್ಕಿ ಇಡಿ. ಕೆಳಗೆ ಮೂರು, ಆಮೇಲೆ ಐದು, ಏಳು. ಮುಂದಿನ ಸಾಲಿಗೆ ಎಷ್ಟು ಎಂದರೆ ಮಕ್ಕಳು "ಒಂಬತ್ತು" ಅನ್ನುತ್ತವೆ. ಶಭಾಷ್‌ಗಿರಿ ಬೇಡ. ನೂರನೇ ಸಾಲಿಗೆ ಎಷ್ಟು ಎಂದು ಕೇಳಿ. ಎರಡೆರಡು ಕೂಡಿಸುತ್ತಾ ಕೂರುತ್ತವೆ, ತಡೆಯಬೇಡಿ. ಬೇಸರ ಬರಲಿ, ಯಂತ್ರಕ್ಕೆ ಅದೇ ಇಂಧನ. ನಾವು ಮೇಷ್ಟ್ರುಗಳು ಮಕ್ಕಳಿಗಿಂತ ಮೊದಲು ಬೇಸತ್ತು ಸೂತ್ರ ಹೇಳಿಬಿಡುತ್ತೇವೆ, ಕೆಡುವುದು ಅಲ್ಲಿಯೇ.

ಕೊನೆಗೊಬ್ಬಳು, "ಸಾಲಿನ ನಂಬರ್ ಡಬಲ್ ಮಾಡಿ ಒಂದು ಕಳೀರಿ" ಅನ್ನುತ್ತಾಳೆ. 199. ಇನ್ನೊಬ್ಬ, "ಉಹೂಂ, ಈ ಸಾಲಿನ ನಂಬರಿಗೆ ಹಿಂದಿನ ಸಾಲಿನ ನಂಬರ್ ಸೇರಿಸ್ಬೇಕು" ಅನ್ನುತ್ತಾನೆ. ನೂರಕ್ಕೆ ತೊಂಬತ್ತೊಂಬತ್ತು, ಅದೂ 199. ಜಗಳ ಹತ್ತಲಿ. ಎರಡೂ ಒಂದೇ ಹೇಗಾಯಿತು, ಸಾವಿರದ ಸಾಲಿಗೂ ಒಂದೇನಾ? ಪಂಚಾಯ್ತಿ ಮಾಡಲು ಯಾವ ಸಾಲಿಗೂ ಸಲ್ಲುವ ಒಂದು ಗುರುತು ಬೇಕಾಗುತ್ತದೆ. ಪೊಟ್ಟಣ ಬಿಚ್ಚುವ ಹೊತ್ತು ಇದು. ಎಕ್ಸ್ ರುಚಿಸದಿದ್ದರೆ ಸಾಲಿಗೆ 'ಸಾ' ಎನ್ನಿ. 12ನೇ ಶತಮಾನದ ಭಾಸ್ಕರಾಚಾರ್ಯರೇ ಗೊತ್ತಿಲ್ಲದ ಸಂಖ್ಯೆಗಳಿಗೆ 'ಯಾ', 'ಕಾ', 'ನೀ' ಎಂದು ಬರೆದಿದ್ದಾರೆ, ಆರನೇ ಕ್ಲಾಸಿನವರೆಗೆ ಕಾಯಲಿಲ್ಲ.

ಎರಡನೇ ಪರೀಕ್ಷೆ. ಟಿಪ್ಪು ಕಟ್ಟಿಸಿದ ಗುಂಬಜ್‌ನಲ್ಲಿ 36 ಕರಿಕಲ್ಲಿನ ಕಂಬಗಳಿವೆ. ಕಂಬದ ಬದಲು 36 ಹುಣಸೆಬೀಜ ಕೊಟ್ಟು, ಚೌಕದ ಅಂಚಿಗೆ ಸಮನಾಗಿ ನಿಲ್ಲಿಸಿದರೆ ಪಕ್ಕಕ್ಕೆ ಎಷ್ಟೆಂದು ಕೇಳಿ. ಒಂಬತ್ತು ಎಂದು ಕಿರುಚುತ್ತವೆ, ದೊಡ್ಡವರು ಇನ್ನೂ ಜೋರಾಗಿ. ಮೂಲೆಯ ಬೀಜ ಎರಡು ಪಕ್ಕಕ್ಕೂ ಸಲ್ಲುವುದರಿಂದ ಹತ್ತು.

ದೋಷ ನಿವಾರಣೆ. ಎಲ್ಲ ಬದಲಾವಣೆಯೂ ಸಮಹೆಜ್ಜೆ ಇಡುತ್ತದೆಂದು ಮಗು ನಂಬಿಬಿಟ್ಟರೆ ಯಂತ್ರ ಬಿಸಿಯಾಗಿದೆ ಎಂದರ್ಥ. ಜುಲೈ ತಿಂಗಳ ಪೇಪರಿನಲ್ಲಿ ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ ನೋಡಿ ದಿನಾ ಬರೆಸಿ, ಇವತ್ತಿನದರಲ್ಲಿ ನಿನ್ನೆಯದನ್ನು ಕಳೆಸಿ. ಒಳಹರಿವು ಅಷ್ಟೇ ಇದ್ದರೂ ಕಟ್ಟೆ ತುಂಬುತ್ತಾ ಬಂದಂತೆ ಏರಿಕೆ ಕುಗ್ಗುತ್ತದೆ, ಮೇಲೆ ಹೋದಷ್ಟೂ ನೀರು ಅಗಲಕ್ಕೆ ಹರಡುವುದರಿಂದ. 124.80 ಅಡಿಗೆ ಕಟ್ಟೆ ತುಂಬಿ ಲೆಕ್ಕ ನಿಂತೇ ಹೋಗುತ್ತದೆ. "ಹಂಗಾದ್ರೆ ಗೇಟ್ ತೆಗೆದ ಮೇಲೆ ನಮ್ಮೂರ ಹೊಳೆ ಎಷ್ಟು ಏರುತ್ತೆ?" ಎಂದು ಮಗು ಕೇಳಿದರೆ ಸೇವಾ ಕೇಂದ್ರಕ್ಕೆ ಫೋನ್ ಮಾಡಬೇಡಿ. ಕಾವೇರಿ ನೀರಾವರಿ ನಿಗಮದಲ್ಲಿ ವಿಚಾರಿಸಿ.