ಎಳೀಬ್ಯಾಡ್ರಿ, ತಡೀರಿ

ಬೆಳಿಗ್ಗೆ ಹಿತ್ತಲಲ್ಲಿ ಅರಿವೆ ಒಣಹಾಕುತ್ತಿದ್ದೆ. ಬೇಲಿಯಾಚೆಯಿಂದ ಗರ್ ಅಂತ ಒಂದು ಸದ್ದು, ಆಮೇಲೆ ಏದುಸಿರು, ಮತ್ತೆ ಗರ್. ದಾಸವಾಳದ ಟೊಂಗೆ ಸರಿಸಿ ನೋಡಿದೆ. ಆಚೆಮನೆ ಕಾಕಾ ಅಟ್ಟದ ಮೇಲಿಂದ ಜನರೇಟರ್ ಇಳಿಸಿ, ಅದರ ಚೌಕಟ್ಟಿಗೆ ಒಂದು ಕಾಲು ಒತ್ತಿ ಹಿಡಿದು, ಮೈಯೆಲ್ಲ ಬೆವೆತು ಹಗ್ಗ ಎಳೆಯುತ್ತಿದ್ದರು.

"ಎಳೀಬ್ಯಾಡ್ರಿ ಕಾಕಾ, ತಡೀರಿ, ನಾ ಬಂದೆ" ಅಂದೆ.

ಹಿಂದಿನ ರಾತ್ರಿಯ ಅಡ್ಡಮಳೆ ನಮ್ಮ ಹಿರೇಕೆರೂರಿನ ಅರ್ಧ ಊರನ್ನು ಕತ್ತಲಲ್ಲಿ ಕೂಡಿಸಿತ್ತು. ಗಾಳಿಗೆ ಟೊಂಗೆ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟು ಯಾವಾಗ ಬಂದೀತೆಂದು ಹೇಳುವವರು ಯಾರು? ಕಾಕಾನ ಮನೆಯಲ್ಲಿ ಮರುದಿನ ಮೊಮ್ಮಗಳ ನಿಶ್ಚಿತಾರ್ಥ. ಬೀಗರು ಹಾನಗಲ್ಲ ಕಡೆಯಿಂದ ಬರುವವರು. 2023ರ ಬರದಲ್ಲಿ ಪಂಪ್‌ಸೆಟ್ಟಿಗೆ ದಿನಕ್ಕೆ 5 ತಾಸು ತ್ರೀಫೇಸ್ ಸಿಕ್ಕರೆ ಪುಣ್ಯ ಅನ್ನುವಂತಾಗಿತ್ತಲ್ಲ, ಆಗ ಮನೆಯ ದೀಪಕ್ಕೆಂದು ಕೊಂಡ ಜನರೇಟರ್ ಅದು. ನಾಲ್ಕು ತಿಂಗಳು ದುಡಿದು, ಮಳೆ ಬಂದ ಮೇಲೆ ಗೋಣಿಚೀಲ ಹೊದ್ದು ಅಟ್ಟ ಏರಿದ್ದು ಇಳಿದಿರಲಿಲ್ಲ.

"ಒಂದು ದಿನಾ ಜಾಸ್ತಿ ಓಡ್ಸಿಲ್ಲ, ಹೊಸಾದು ಇದ್ದಂಗ ಐತಿ. ಯಾಕ ಚಾಲೂ ಆಗವಲ್ದು?" ಅಂದರು ಕಾಕಾ.

ಓಡಿಸದೆ ಇಟ್ಟಿದ್ದಕ್ಕೇ ಚಾಲೂ ಆಗವಲ್ಲದು ಎಂಬುದನ್ನು ಅವರಿಗೆ ಹೇಗೆ ಹೇಳಲಿ? ಎತ್ತಾದರೂ ಕೊಟ್ಟಿಗೆಯಲ್ಲಿ ನಿಂತರೆ ಮೈ ಬೆಳೆಸೀತು. ಎಂಜಿನ್ ಹಾಗಲ್ಲ, ನಿಂತಲ್ಲೇ ಕೆಡುತ್ತದೆ.

ನನಗೆ ಇದು ಗೊತ್ತಿರುವುದು ನಮ್ಮ ಅಪ್ಪನಿಂದ. ಬಜಾರಿನಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಆ ಕಾಲದಲ್ಲಿ ಅಂಗಡಿಗೊಂದರಂತೆ ಪುಟ್ಟ ಜನರೇಟರ್‌ಗಳು ಕಟ್ಟೆಯ ಮೇಲೆ ಸರಪಳಿ ಹಾಕಿಸಿಕೊಂಡು ಕೂತಿರುತ್ತಿದ್ದವು. ಯಾವ ಕಂಪನಿಯದಾದರೂ ನಮ್ಮ ಬಾಯಲ್ಲಿ ಅದು "ಹೋಂಡಾ"ನೇ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಕಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಹಾಕಬೇಕು. ಬಂದ್ ಮಾಡುವ ಮುನ್ನ ಮತ್ತೆ ಪೆಟ್ರೋಲಿಗೆ ತಂದು ಸ್ವಲ್ಪ ಹೊತ್ತು ಓಡಿಸಬೇಕು. ಅದನ್ನು ಮರೆತರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ತಣ್ಣಗಿನ ಎಂಜಿನ್ ಎಷ್ಟು ಎಳೆದರೂ ಏಳುತ್ತಿರಲಿಲ್ಲ. ಬಂದ್ ಮಾಡುವಾಗ ಮಾಡಿದ ತಪ್ಪು ಚಾಲೂ ಮಾಡುವಾಗ ಎದ್ದು ನಿಲ್ಲುತ್ತದೆ ಅಂತ ಅಪ್ಪ ಆಗಲೇ ಕಲಿಸಿದ್ದರು.

ಕಾಕಾನ ಕಿವಿಯ ಹಿಂದಿದ್ದ ಬೀಡಿಯನ್ನು ಮೊದಲು ಒಳಗೆ ಇಡಿಸಿ, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ. ಹೊಸ ಪೆಟ್ರೋಲ್ ಮೂಗಿಗೆ ಚುರುಕಾಗಿ ಬಡಿಯುತ್ತದೆ. ಇದು ಬಾಗಿಲಿಗೆ ಹಚ್ಚುವ ವಾರ್ನಿಷಿನಂತೆ ಹುಳಿಹುಳಿ ನಾರುತ್ತಿತ್ತು. ಪೆಟ್ರೋಲಿನಲ್ಲಿ ಬೇಗ ಹೊತ್ತಿಕೊಳ್ಳುವ ಹಗುರ ಅಂಶ ಮೊದಲು ಹಾರಿಹೋಗುತ್ತದೆ, ಉಳಿದದ್ದು ಗಾಳಿ ಸೇರಿ ಅಂಟಾಗುತ್ತದೆ. ಅದರ ಜೊತೆಗೆ ಎಥೆನಾಲ್ ಬೇರೆ. 2022ರಲ್ಲಿ ಪೆಟ್ರೋಲಿಗೆ ನೂರಕ್ಕೆ 10 ಪಾಲು ಬೆರೆಸುತ್ತಿದ್ದರು, 2025ರ ಹೊತ್ತಿಗೆ ಅದು 20 ಆಯಿತು. ಕಬ್ಬಿನಿಂದ ತೆಗೆಯುತ್ತಾರೆ, ಅಕ್ಕಿಯಿಂದ, ನಾವು ಬೆಳೆಯುವ ಗೋವಿನಜೋಳದಿಂದಲೂ ತೆಗೆಯುತ್ತಾರೆ. ಬೆಳೆಗೊಂದು ಗಿರಾಕಿ ಹುಟ್ಟಿತಲ್ಲ ಎಂಬ ಸಂತೋಷ ನನಗಿದೆ. ಆದರೆ ಎಥೆನಾಲಿಗೆ ಗಾಳಿಯ ತೇವ ಹೀರುವ ಗುಣ. ಹೀರಿ ಹೀರಿ ಮಿತಿ ದಾಟಿದ ಮೇಲೆ ನೀರನ್ನೂ ಕಟ್ಟಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಎಂಜಿನ್ನು ಕುಡಿಯುವುದು ತಳದಿಂದಲೇ. ಮಳೆಗಾಲವೆಲ್ಲ ಅರ್ಧ ತುಂಬಿದ ಟ್ಯಾಂಕ್ ಅಟ್ಟದ ಮೇಲೆ ಕೂತರೆ ಇನ್ನೇನಾದೀತು? ಇದ್ದಬದ್ದ ಪೆಟ್ರೋಲನ್ನೆಲ್ಲ ಕ್ಯಾನಿಗೆ ಇಳಿಸಿದೆವು. ಗಟಾರಕ್ಕೆ ಚೆಲ್ಲುತ್ತೇನೆಂದರು ಕಾಕಾ, ಬೇಡವೆಂದೆ. ಗಟಾರದ ನೀರು ಕೊನೆಗೆ ಹೋಗುವುದು ಯಾರದೋ ಹೊಲಕ್ಕೆ.

ಆಮೇಲೆ ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿದೆ. ನಿಂಬೆಹಣ್ಣಿನ ಗಾತ್ರದ ಬಟ್ಟಲು. ಅದರ ತಳದಲ್ಲಿ ಎಳೆಪಾಕಕ್ಕೆ ಬಂದ ಬೆಲ್ಲದಂತೆ ಕಂದು ಅಂಟು, ಅಂಟಿನ ಪಕ್ಕದಲ್ಲೊಂದು ನೀರಿನ ಹನಿ ಮಣಿಯಂತೆ ಉರುಳಾಡುತ್ತಿತ್ತು. ನಡುವಿನ ಹಿತ್ತಾಳೆಯ ಜೆಟ್ಟನ್ನು ಬಿಚ್ಚಿ ಕಾಕಾನ ಕೈಗೆ ಕೊಟ್ಟು, "ಬಿಸಿಲಿಗೆ ಹಿಡಿದು ನೋಡ್ರಿ" ಅಂದೆ. ಒಂದು ಕಣ್ಣು ಮುಚ್ಚಿ ನೋಡಿದರು. "ಏನೂ ಕಾಣ್ಸವಲ್ದು." ಕಾಣಬೇಕಾದದ್ದು ಸೂಜಿಮೊನೆಯಷ್ಟು ಬೆಳಕು. ಮದಗ-ಮಾಸೂರು ಕೆರೆ ಎಷ್ಟೇ ದೊಡ್ಡದಿರಲಿ, ತೂಬಿನ ಬಾಯಿಗೆ ಹೂಳು ಕೂತರೆ ಕೆಳಗಿನ ಗದ್ದೆ ಒಣಗುವುದೇ. ಈ ಜೆಟ್ಟು ಎಂಜಿನ್ನಿನ ತೂಬು. ಕಾರ್ಬೊರೇಟರ್ ತೊಳೆಯುವ ಸ್ಪ್ರೇಯಲ್ಲಿ ನೆನೆಸಿ, ಹಳೆ ವೈರಿನ ತಾಮ್ರದ ಒಂದೇ ಎಳೆಯನ್ನು ತೂರಿಸಿ ಮೆಲ್ಲಗೆ ಆಡಿಸಿದೆ. ಉಕ್ಕಿನ ಸೂಜಿ ಹಾಕಬಾರದು. ತೂತು ಕೂದಲೆಳೆಯಷ್ಟು ಹಿಗ್ಗಿದರೂ ಎಂಜಿನ್ನು ಜೀವಮಾನವಿಡೀ ಬೇಕಾದ್ದಕ್ಕಿಂತ ಹೆಚ್ಚು ಕುಡಿಯುತ್ತದೆ. ಮೂರನೇ ಸಲ ಬಿಸಿಲಿಗೆ ಹಿಡಿದಾಗ ಕಾಕಾನ ಮುಖ ಅರಳಿತು. "ಬಂತು, ಚುಕ್ಕಿ ಬಂತು!"

ಪ್ಲಗ್ಗಿನ ಕೆಲಸ ದೊಡ್ಡದಲ್ಲ. ಬಿಚ್ಚಿ ಉಜ್ಜಿ, ಸಂದು 0.7 ಮಿಲಿಮೀಟರಿನಷ್ಟಿದೆಯೇ ನೋಡಿದೆವು. ಮತ್ತೆ ಕೂಡಿಸುವ ಮುನ್ನ ಆ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಹಗ್ಗವನ್ನು ನಾಲ್ಕು ಸಲ ಮೆಲ್ಲಗೆ ಎಳೆದೆ. ಒಣಗಿದ ಸಿಲಿಂಡರಿಗೆ ಅಷ್ಟಾದರೂ ಪಸೆ ಬೇಕು. ಫಿಲ್ಟರಿನ ಸ್ಪಂಜು ಪುಡಿಯಾಗಿತ್ತು, ಹೊಸದು ತರಿಸಿದೆವು. ತಳದ ಆಯಿಲ್ ಡಾಂಬರಿನಂತಾಗಿತ್ತು, ಅದನ್ನೂ ಬದಲಿಸಿದೆವು. ಹೊಸ ಎಂಜಿನ್ನಿಗೆ ಮೊದಲ 20 ತಾಸಿಗೆ, ಆಮೇಲೆ ಪ್ರತಿ 100 ತಾಸಿಗೆ ಅಥವಾ 6 ತಿಂಗಳಿಗೆ ಆಯಿಲ್ ಬದಲಿಸಬೇಕು ಎಂಬುದು ಈ ಗಾತ್ರದ ಎಂಜಿನ್ನುಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಲೆಕ್ಕ. ಆಯಿಲ್ ಕಡಿಮೆಯಾದರೆ ಕಿಡಿಯನ್ನೇ ತಡೆಹಿಡಿಯುವ ಏರ್ಪಾಡು ಕೆಲವು ಜನರೇಟರ್‌ಗಳಲ್ಲಿರುತ್ತದೆ. ಅದು ಗೊತ್ತಿಲ್ಲದೆ ಪಾಪ, ಎಷ್ಟು ಜನ ಭುಜ ನೋಯಿಸಿಕೊಳ್ಳುತ್ತಾರೋ.

ಹಗ್ಗದ ಪಕ್ಕದ ತಗಡಿನ ಮುಚ್ಚಳ ತೆಗೆದಾಗ ಒಳಗಿಂದ ಒಂದು ಬೊಗಸೆ ಹತ್ತಿಯ ಅರಳೆ, ಗೋವಿನಜೋಳದ ರೇಷ್ಮೆ ಬಿತ್ತು. ಇಲಿ ಬಾಣಂತನ ಮಾಡಿತ್ತು. ಎಂಜಿನ್ನು ತಣ್ಣಗಿರಲು ಗಾಳಿ ಬರಬೇಕಾದ ದಾರಿಯೇ ಅದು. ಹಾಗೇ ಚಾಲೂ ಆಗಿದ್ದರೆ ಕಾದು ಹೊತ್ತಿಕೊಳ್ಳುತ್ತಿತ್ತು.

ಹೊಸ ಪೆಟ್ರೋಲ್ ಒಂದು ಲೀಟರ್ ಹಾಕಿ, ಕಾಕ್ ಬಿಟ್ಟು, ಚೋಕ್ ಹಾಕಿ, ಹಗ್ಗವನ್ನು ಬಿಗಿ ಹತ್ತುವ ತನಕ ಸಾವಕಾಶ ಎಳೆದು, ಅಲ್ಲಿಂದ ಒಂದೇ ಜಗ್ಗು. ಎರಡನೆಯದಕ್ಕೆ ಕೆಮ್ಮಿತು, ಮೂರನೆಯದಕ್ಕೆ ಹೊಗೆ ಉಗುಳಿ ಓಡತೊಡಗಿತು. ಆದರೆ ಬಲ್ಬು ಹಚ್ಚಿದರೆ ಕತ್ತಲೆ. ಕಾಕಾ ನನ್ನ ಮುಖ ನೋಡಿದರು.

ಬಹಳ ದಿನ ನಿಂತ ಜನರೇಟರಿಗೆ ಇದೂ ಒಂದು ರೋಗ. ತಿರುಗುವ ರೋಟರಿನ ಕಬ್ಬಿಣದಲ್ಲಿ ಹಿಂದಿನ ಓಟದಿಂದ ಚೂರು ಅಯಸ್ಕಾಂತದ ಗುಣ ಉಳಿದಿರಬೇಕು. ಅದೇ ಹೆಪ್ಪು. ಹೆಪ್ಪಿದ್ದರೆ ಕರೆಂಟು ಹುಟ್ಟುತ್ತದೆ, ಹುಟ್ಟಿದ ಕರೆಂಟು ಅಯಸ್ಕಾಂತವನ್ನು ಇನ್ನಷ್ಟು ಬಲಪಡಿಸುತ್ತದೆ. ವರ್ಷಗಟ್ಟಲೆ ನಿಂತರೆ ಆ ಹೆಪ್ಪೇ ಆರಿಹೋಗಬಹುದು. ಹಾಲು ಎಷ್ಟು ಹೊತ್ತು ಕಾದರೇನು, ಹೆಪ್ಪಿಲ್ಲದೆ ಮೊಸರಾದೀತೆ? ಓಣಿಯ ಎಲೆಕ್ಟ್ರಿಷಿಯನ್ ಹುಡುಗ ಬಂದು, ಬ್ರಷ್ಷು ತೆಗೆದು ಒರೆಸಿ, 12 ವೋಲ್ಟಿನ ಬ್ಯಾಟರಿಯ ತಂತಿಯನ್ನು ಒಂದು ಕ್ಷಣ ಮುಟ್ಟಿಸಿದ. ಬಲ್ಬು ಕಣ್ಣು ಬಿಟ್ಟಿತು. ಗೊತ್ತಿಲ್ಲದವರು ಇದಕ್ಕೆ ಕೈ ಹಾಕಬಾರದು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ರೆಗ್ಯುಲೇಟರು ಸುಡುತ್ತದೆ.

ಅಷ್ಟರಲ್ಲಿ ಮೋಡ ಕವಿಯಿತು. ಕಾಕಾ ಜನರೇಟರನ್ನು ಪಡಸಾಲೆಗೆ ಎತ್ತಿಡಲು ಹೊರಟರು. ಆಗ ನಾನು ಜೋರುಮಾಡಿಯೇ ತಡೆದೆ. ದೊಡ್ಡವರ ಮುಂದೆ ದನಿ ಏರಿಸಬಾರದು ಎಂಬುದು ಗೊತ್ತಿದ್ದರೂ ಏರಿಸಿದೆ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗಕ್ಕೆ ಅದಕ್ಕಿಂತ 200 ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಹೊಟ್ಟೆ ತೊಳಸು, ಆಮೇಲೆ ಜೋಂಪು. ನಿದ್ದೆ ಬಂತೆಂದು ಮಲಗಿದವರು ಏಳುವುದಿಲ್ಲ. ಕಿಟಕಿ ತೆರೆದಿದೆ ಅನ್ನುವುದು ಸಾಲದು. ಮನೆಯಿಂದ ಕಡಿಮೆಯೆಂದರೂ 20 ಅಡಿ ದೂರ, ಹೊಗೆಯ ಬಾಯಿ ಆಚೆಗೆ, ಮೇಲೆ ನಾಲ್ಕು ಕಡೆಯೂ ತೆರೆದ ತಗಡಿನ ಮಾಡು. ನಮ್ಮ ಬೇಲಿಯ ಮೂಲೆಯಲ್ಲಿ ಎರಡು ಮನೆಗಳಿಗೂ ದೂರದ ಜಾಗ ಹುಡುಕಿ ಅಲ್ಲಿ ಹಲಗೆ ಹಾಕಿ ಕೂಡಿಸಿದೆವು.

ಇನ್ನೊಂದಕ್ಕೂ ಜಗಳವೇ ಆಗುವುದಿತ್ತು. ಎರಡೂ ಕಡೆ ಪಿನ್ನಿರುವ ವೈರ್ ಮಾಡಿ ಮನೆಯ ಪ್ಲಗ್ಗಿಗೆ ಚುಚ್ಚಿದರೆ ಮನೆಯೆಲ್ಲ ಬೆಳಕಾಗುತ್ತದೆ ಅಂತ ಯಾರೋ ಹೇಳಿಕೊಟ್ಟಿದ್ದರಂತೆ. ಮನೆ ಬೆಳಕಾಗುತ್ತದೆ, ನಿಜ. ಆದರೆ ನಮ್ಮ 230 ವೋಲ್ಟು ಸರ್ವಿಸ್ ತಂತಿಯಲ್ಲಿ ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ತಿರುವುಮುರುವಾಗಿ 11,000 ವೋಲ್ಟಾಗಿ ಕಂಬ ಏರುತ್ತದೆ. ಲೈನ್ ಬಂದಾಗಿದೆ ಎಂದು ನಂಬಿ ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್ ಯಾವ ತಾಯಿಯ ಮಗನೋ. "ಬ್ಯಾಡಪ್ಪ ಬ್ಯಾಡ" ಎಂದು ಕಾಕಾನೇ ಆ ವೈರಿನ ಒಂದು ಪಿನ್ನು ಕತ್ತರಿಸಿ ಎಸೆದರು. ಚೇಂಜ್‌ಓವರ್ ಸ್ವಿಚ್ ಹಾಕಿಸುವ ತನಕ ಜನರೇಟರಿನಿಂದಲೇ ನೇರ ವೈರು ಎಳೆದು ನಾಲ್ಕು ದೀಪ, ಎರಡು ಫ್ಯಾನು.

ನಿಶ್ಚಿತಾರ್ಥ ಆ ನಾಲ್ಕು ದೀಪಗಳಲ್ಲೇ ಆಯಿತು. ಹುಡುಗಿಗೆ ಉಡಿ ತುಂಬುವಾಗ ಬೇಲಿಯ ಮೂಲೆಯಿಂದ ಎಂಜಿನ್ನು ಒಂದೇ ಹದದಲ್ಲಿ ಗುಡುಗುಡು ಅನ್ನುತ್ತಿತ್ತು. ಮೂರನೆಯ ದಿನ ಸಂಜೆ ಕರೆಂಟು ಬಂತು, ಹಿಂದೆಯೇ ಬೇಲಿಯಾಚೆಯಿಂದ ಕರೆಯೂ ಬಂತು. "ಇದನ್ನ ಹೆಂಗ ಮಲಗಿಸ್ಬೇಕು, ತೋರ್ಸು."

ಉಳಿದ ಪೆಟ್ರೋಲನ್ನು ಅವರ ಗಾಡಿಗೆ ಹಾಕಿಸಿದೆ. ವೈರುಗಳನ್ನೆಲ್ಲ ಕಿತ್ತು ಬರಿಯ ಎಂಜಿನ್ ಓಡುವಾಗ ಕಾಕ್ ಬಂದ್ ಮಾಡಿಸಿದೆ, ಸ್ವಿಚ್ ಮುಟ್ಟಗೊಡಲಿಲ್ಲ. ಬಟ್ಟಲಿನಲ್ಲಿದ್ದ ಕೊನೆಯ ಹನಿಯನ್ನೂ ಕುಡಿದು, ಎರಡು ಸಲ ತಡವರಿಸಿ, ತಾನಾಗಿ ನಿಂತಿತು. ಆರಿದ ಮೇಲೆ ಬಟ್ಟಲಿನ ತಿರುಪು ಬಿಚ್ಚಿ ಪಸೆಯನ್ನೂ ಇಳಿಸಿದೆವು. ಕಾಕಾ ಸುಣ್ಣದ ಕಡ್ಡಿಯಿಂದ ಅಟ್ಟದ ತೊಲೆಯ ಮೇಲೆ ತಾರೀಖು ಬರೆದು, ಕೆಳಗೆ "ತಿಂಗಳಿಗೊಮ್ಮೆ ಕಾಲು ತಾಸು, ದೀಪ ಹಚ್ಚಿ" ಎಂದು ಸೇರಿಸಿದರು.

ಕೊನೆಗೆ ಹಗ್ಗ. ಬಿಗಿ ಹತ್ತಿದಲ್ಲಿ ನಿಲ್ಲಿಸಬೇಕು. ಆಗ ಎರಡೂ ವಾಲ್ವು ಮುಚ್ಚಿರುತ್ತವೆ, ಮಳೆಗಾಲದ ಥಂಡಿ ಸಿಲಿಂಡರಿನೊಳಗೆ ಹೊಗುವುದಿಲ್ಲ. ಮೊನ್ನೆ ಮೈಬಲವೆಲ್ಲ ಹಾಕಿ ಜಗ್ಗಿದ್ದ ಅದೇ ಕೈಯಿಂದ ಕಾಕಾ ಈಗ ಎರಡು ಬೆರಳಲ್ಲಿ ಹಿಡಿ ಹಿಡಿದು, ಕಿವಿಯಿಟ್ಟು, ಸಾವಕಾಶ ಎಳೆದರು. "ಹಾಂ, ಇಲ್ಲಿ ತಡೀತು ನೋಡು" ಅಂದು ಅಷ್ಟಕ್ಕೇ ನಿಲ್ಲಿಸಿ, ಹಗ್ಗವನ್ನು ಮೆಲ್ಲಗೆ ಒಳಗೆ ಬಿಟ್ಟರು.